ಗಾಡಿಗೆ ಬರುವ ಖೋಟಾ ಬಿಡಿಭಾಗಗಳು: ಗುರುತಿಸುವ ಬಗೆ

ಬಿತ್ತನೆಗೆ ಮೊದಲು ರಾಗಿ ಬೀಜವನ್ನು ಅಂಗೈಯಲ್ಲಿ ಹರಡಿ ನೋಡದ ರೈತನಿಲ್ಲ. ಹಸು ಕೊಳ್ಳುವಾಗ ಹಲ್ಲು ಎಣಿಸುತ್ತೇವೆ, ಕೆಚ್ಚಲು ಮುಟ್ಟಿ ನೋಡುತ್ತೇವೆ, ಸುಳಿಯನ್ನೂ ಬಿಡುವುದಿಲ್ಲ. ಸಂತೆಯಲ್ಲಿ ಒಂದು ಮಾರು ಹಗ್ಗ ಕೊಂಡರೂ ಎಳೆದು ನೋಡಿಯೇ ಕೊಳ್ಳುವುದು. ಆದರೆ ತರಕಾರಿ ಸಾಗಿಸುವ ಗಾಡಿಗೆ ಒಂದು ಬಿಡಿಭಾಗ ಬೇಕಾದರೆ ಮಾತ್ರ, ಇಂದು ನಮ್ಮಲ್ಲಿ ಹಲವರು ಫೋನಿನ ಮೇಲೆ ಬೆರಳೊತ್ತಿ ತರಿಸಿಕೊಂಡು, ಡಬ್ಬಿ ಒಡೆದ ಕೂಡಲೆ ಗಾಡಿಗೆ ಹಾಕಿಸಿಬಿಡುತ್ತಾರೆ. ನಾವೂ ಹಾಗೆಯೇ ಮಾಡಿದವರು. ಅದರಿಂದ ಕಲಿತ ಪಾಠವನ್ನು ರೈತ ಬಾಂಧವರ ಮುಂದೆ ಇಡುವುದು ಈ ಲೇಖನದ ಉದ್ದೇಶ.

ಹೊಸೂರು, ಡೆಂಕಣಿಕೋಟೆ, ತಳಿ ಭಾಗದ ನಮ್ಮ ಸೀಮೆ ಒಂದು ಕಾಲಕ್ಕೆ ಸೇಲಂ ಜಿಲ್ಲೆಯಲ್ಲಿತ್ತು. 1965ರಲ್ಲಿ ಧರ್ಮಪುರಿ ಜಿಲ್ಲೆಯಾಯಿತು. 2004ರಲ್ಲಿ ಕೃಷ್ಣಗಿರಿ ಜಿಲ್ಲೆಗೆ ಸೇರಿತು. ಜಿಲ್ಲೆಯ ಹೆಸರು ಎರಡು ಸಲ ಬದಲಾದರೂ ಬೆಳೆ ಸಾಗುವ ದಾರಿ ಬದಲಾಗಲಿಲ್ಲ. ರಾಯಕೋಟೆ, ಪಾಲಕೋಡಿನ ಟೊಮೇಟೊ, ತಳಿಯ ಕೋಸು, ಹೊಸೂರಿನ ಗುಲಾಬಿ ಇವು ಒಂದು ಕಡೆ ಬೆಂಗಳೂರಿಗೆ, ಇನ್ನೊಂದು ಕಡೆ ಧರ್ಮಪುರಿಯ ಮೇಲೆ ಸೇಲಮಿಗೆ ಇಳಿಯುತ್ತವೆ. ಈ ಎರಡನೆಯ ದಾರಿಯಲ್ಲಿ ತೊಪ್ಪೂರು ಘಾಟಿ ಇದೆ. ಅಲ್ಲಿ ಇಳಿಜಾರು ಕಡಿದು, ತಿರುವು ಹೆಚ್ಚು, ಹಿಂದೆ ಮುಂದೆ ಭಾರಿ ಲಾರಿಗಳು. ಬ್ರೇಕು ಹಿಡಿಯದೆ ಅಪಘಾತವಾಯಿತೆಂಬ ಸುದ್ದಿ ಅಲ್ಲಿಂದ ಬರುತ್ತಲೇ ಇರುತ್ತದೆ. ಆ ಇಳಿಜಾರಿನಲ್ಲಿಯೇ ನಮಗೆ ಪಾಠವಾಯಿತು.

ನಮ್ಮಲ್ಲಿ ನಡೆದ ಸಂಗತಿ

ಕಳೆದ ಬೇಸಿಗೆಯಲ್ಲಿ ನಮ್ಮ ಸರಕಿನ ಗಾಡಿಯ ಮುಂದಿನ ಬ್ರೇಕ್ ಪ್ಯಾಡುಗಳು ಸವೆದಿದ್ದವು. ಪೇಟೆಯ ಅಂಗಡಿಯಲ್ಲಿ ಕೇಳಿದರೆ 1,400 ರೂಪಾಯಿ. ಫೋನಿನಲ್ಲಿ ನೋಡಿದರೆ ಅದೇ ಹೆಸರು, ಅದೇ ಬಣ್ಣದ ಡಬ್ಬಿ, 650 ರೂಪಾಯಿ. ಮನೆಬಾಗಿಲಿಗೆ ತಂದುಕೊಡುವ ಕೂಲಿಯೂ ಇಲ್ಲ. ಉಪಾಧ್ಯಾಯನ ಲೆಕ್ಕಾಚಾರ ತಪ್ಪುವುದುಂಟೆ? 750 ರೂಪಾಯಿ ಉಳಿಯಿತೆಂದು ಹಿಗ್ಗಿದೆವು. ನಾಲ್ಕು ದಿನಕ್ಕೆ ಡಬ್ಬಿ ಬಂತು. ಅದೇ ಸಂಜೆ ಹಾಕಿಸಿದೆವು.

ಆರು ವಾರ ಗಾಡಿ ಊರ ಸುತ್ತಮುತ್ತ ಚೆನ್ನಾಗಿಯೇ ಓಡಿತು. ಏಳನೆಯ ವಾರ ಟೊಮೇಟೊ ತುಂಬಿಕೊಂಡು ನಮ್ಮ ತಮ್ಮನ ಮಗ ಸೇಲಮಿಗೆ ಹೊರಟ. ತೊಪ್ಪೂರು ಇಳಿಯುವಾಗ ಮೊದಲು ಸುಟ್ಟ ವಾಸನೆ ಬಂತಂತೆ. ಆಮೇಲೆ ಪೆಡಲು ಒತ್ತಿದಷ್ಟೂ ಗಾಡಿ ಜಾರುತ್ತಿತ್ತು. ಹುಡುಗ ಗಾಬರಿಯಾಗದೆ ಗೇರು ಇಳಿಸಿ, ಹ್ಯಾಂಡ್ ಬ್ರೇಕನ್ನು ಸ್ವಲ್ಪ ಸ್ವಲ್ಪವಾಗಿ ಎಳೆಯುತ್ತ, ಎಡಬದಿಯ ಮಣ್ಣಿನ ದಿಣ್ಣೆಗೆ ಗಾಡಿಯನ್ನು ಒರಗಿಸಿ ನಿಲ್ಲಿಸಿದ. ಮೇಲಿನ ಸಾಲಿನ ಪೆಟ್ಟಿಗೆಗಳು ಉರುಳಿ ರಸ್ತೆಯೆಲ್ಲ ಕೆಂಪಾಯಿತು. ದೇವರ ದಯೆ, ಕೆಂಪಾದದ್ದು ಟೊಮೇಟೊದಿಂದ ಮಾತ್ರ. ಅವನು ಫೋನು ಮಾಡಿ, “ದೊಡ್ಡಪ್ಪ, ಕಾಯಿ ಹೋಯಿತು, ಬೈಯಬೇಡಿ” ಎಂದ. ಬೈಸಿಕೊಳ್ಳಬೇಕಾದವರು ಯಾರೆಂಬುದು ನಮಗೆ ಆಗಲೇ ತಿಳಿದಿತ್ತು.

ಗ್ಯಾರೇಜಿನಲ್ಲಿ ಗಾಲಿ ಬಿಚ್ಚಿದಾಗ, ಒಂದು ಪ್ಯಾಡಿನಲ್ಲಿ ಉಜ್ಜುವ ಪದರವು ಹಿಂದಿನ ಕಬ್ಬಿಣದ ತಟ್ಟೆಯಿಂದ ಅರ್ಧಕ್ಕರ್ಧ ಕಿತ್ತು ಬಂದಿತ್ತು. ಇನ್ನೊಂದು ಬಿರುಕು ಬಿಟ್ಟು ಪುಡಿಯಾಗುತ್ತಿತ್ತು. ಮೆಕ್ಯಾನಿಕ್ ಅದನ್ನು ಬೆರಳಿನಿಂದ ಉದುರಿಸಿ, “ಮೇಷ್ಟ್ರೇ, ಇದು ಬ್ರೇಕಲ್ಲ, ಬಣ್ಣ ಬಳಿದ ಬೆರಣಿ” ಎಂದರು. ಸಿಟ್ಟಿನಲ್ಲಿ ಅವನ್ನು ಗುಜರಿಗೆ ಎಸೆದು ಬಂದೆವು. ಅದು ನಾವು ಮಾಡಿದ ಎರಡನೆಯ ತಪ್ಪು. ದೂರು ಕೊಡಲು ಹೋದಾಗ ಕೈಯಲ್ಲಿ ಸಾಕ್ಷ್ಯವಿರಲಿಲ್ಲ; ವಾಪಸು ಮಾಡುವ ಅವಧಿ ಮುಗಿದಿತ್ತು; ಮಾರಿದವನ ಹೆಸರು ಆ ಆನ್‌ಲೈನ್ ಅಂಗಡಿಯಲ್ಲಿ ಕಾಣಲೇ ಇಲ್ಲ. ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗಾಯಿತು.

ಖೋಟಾ ಎಂದರೆ ಯಾವುದು?

ಈ ವಿಷಯದಲ್ಲಿ ಒಂದು ತಪ್ಪು ತಿಳುವಳಿಕೆ ಉಂಟು. ಅಗ್ಗದ್ದೆಲ್ಲ ಖೋಟಾ ಅಲ್ಲ. ಮಾರುಕಟ್ಟೆಯಲ್ಲಿ ಮೂರು ಬಗೆಯ ಮಾಲು ಇದೆಯೆಂಬುದನ್ನು ಮೊದಲು ತಿಳಿಯಬೇಕು.

ಮೊದಲನೆಯದು, ಗಾಡಿ ಮಾಡಿದ ಕಂಪನಿಯೇ ತನ್ನ ಹೆಸರಿನ ಡಬ್ಬಿಯಲ್ಲಿ ಮಾರುವ ಬಿಡಿಭಾಗ. ಬೆಲೆ ಹೆಚ್ಚು.

ಎರಡನೆಯದು, ಬೇರೆ ತಯಾರಕರು ತಮ್ಮ ಸ್ವಂತ ಹೆಸರಿನಲ್ಲಿ ಮಾಡಿ ಮಾರುವುದು. ಗಾಡಿ ಕಂಪನಿಗೆ ಫಿಲ್ಟರು, ಬೇರಿಂಗು, ಪ್ಯಾಡು ಒದಗಿಸುವ ಕಾರ್ಖಾನೆಯೇ ಎಷ್ಟೋ ವೇಳೆ ಅಂಥದೇ ವಸ್ತುವನ್ನು ತನ್ನ ಡಬ್ಬಿಯಲ್ಲಿ ಕಡಿಮೆ ಬೆಲೆಗೆ ಮಾರುವುದುಂಟು. ಇದು ಸಾಚಾ ಮಾಲು. ಒಳ್ಳೆಯ ಹೆಸರಿನದಾದರೆ ಧಾರಾಳವಾಗಿ ಕೊಳ್ಳಬಹುದು. ಬಡ ರೈತನಿಗೆ ಇದೇ ಸರಿಯಾದ ಮಿತವ್ಯಯದ ದಾರಿ.

ಮೂರನೆಯದು, ಒಬ್ಬರ ಹೆಸರನ್ನೂ ಗುರುತನ್ನೂ ಕದ್ದು ಇನ್ನೊಬ್ಬರು ಮಾಡಿದ ಮಾಲು. ಇದೇ ಖೋಟಾ. ತನ್ನ ಹೆಸರು ಹಾಕಿ ಮಾರುವವನಿಗೆ ಹೆಸರು ಕೆಟ್ಟೀತೆಂಬ ಅಂಜಿಕೆಯಾದರೂ ಇರುತ್ತದೆ. ಕದ್ದ ಹೆಸರಿನವನಿಗೆ ಆ ಅಂಜಿಕೆ ಇಲ್ಲ. ಅವನು ಹಣ ಖರ್ಚು ಮಾಡುವುದು ಡಬ್ಬಿಯ ಮೇಲೆ. ಒಳಗಿನ ವಸ್ತುವಿನ ಮೇಲಲ್ಲ.

ನಮ್ಮ ಸೀಮೆಗೆ ಇದರಲ್ಲಿ ಒಂದು ವಿಪರೀತವಿದೆ. ಹೊಸೂರು ಇಂದು ವಾಹನಗಳ ಊರು. ಅಶೋಕ್ ಲೇಲ್ಯಾಂಡ್ ಲಾರಿ ಕಾರ್ಖಾನೆ 1980ರಲ್ಲಿ ಇಲ್ಲಿ ಆರಂಭವಾಯಿತು. ಅದೇ ವರ್ಷ ಇಬ್ಬರು ಕುಳಿತು ಹೋಗಬಲ್ಲ ಟಿ.ವಿ.ಎಸ್. 50 ಮೊಪೆಡ್ಡು ಇಲ್ಲಿಂದ ಹೊರಬಂತು. ಇಂದಿಗೂ ಹಾಲಿನ ಕ್ಯಾನು, ಮೇವಿನ ಹೊರೆ ಹೊರುವ ಬಡವರ ಎತ್ತು ಅದರ ವಂಶದ್ದೇ. ಅವುಗಳಿಗೆ ಬಿಡಿಭಾಗ ಮಾಡುವ ಸಣ್ಣ ದೊಡ್ಡ ಕಾರ್ಖಾನೆಗಳು ಸುತ್ತಲೂ ಇವೆ. ನಮ್ಮ ಮಕ್ಕಳೇ ಅಲ್ಲಿ ಪಾಳಿಯಲ್ಲಿ ದುಡಿದು, ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ವಸ್ತುವನ್ನು ಬದಿಗಿಡುತ್ತಾರೆ. ಅಂತಹ ಊರಿನವರಾದ ನಾವು ಎಲ್ಲಿಯೋ ಅಚ್ಚಾದ ಖೋಟಾ ಡಬ್ಬಿಗೆ ಮರುಳಾಗುವುದು ಕಲ್ಪತರುವಿನ ಕೆಳಗೆ ಕುಳಿತು ಕಂಡವರಲ್ಲಿ ಬೇಡಿದಂತೆ.

ತರಿಸುವ ಮುನ್ನ

ಹಿಂದೆ ಬಿಡಿಭಾಗಕ್ಕೆ ಬಸ್ಸು ಹತ್ತಿ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗುತ್ತಿದ್ದೆವು. ಅಂಗಡಿಯವರ ಮುಖ ಗೊತ್ತಿತ್ತು; ಮಾಲು ಕೆಟ್ಟರೆ ಮರುವಾರ ಹೋಗಿ ಮೇಜಿನ ಮೇಲಿಟ್ಟು ಕೇಳಬಹುದಿತ್ತು. ಆನ್‌ಲೈನ್ ಅಂಗಡಿ ಹಾಗಲ್ಲ. ಅದು ನಿಜವಾಗಿ ಅಂಗಡಿಯೇ ಅಲ್ಲ, ಸಂತೆ. ದೊಡ್ಡ ಹೆಸರು ಸಂತೆಯದು. ಮಾರುವವನು ಅದರೊಳಗೆ ಗೋಣಿತಟ್ಟು ಹಾಸಿ ಕುಳಿತವನು. ಆದುದರಿಂದ ಈ ಕೆಳಗಿನವನ್ನು ಗಮನಿಸತಕ್ಕದ್ದು.

1. ಮಾರಾಟಗಾರನ ಹೆಸರನ್ನು ನೋಡಿರಿ. ವಸ್ತುವಿನ ಚಿತ್ರದ ಕೆಳಗೆ, ಮಾರುವವರು ಯಾರೆಂದು ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಅದನ್ನು ಒತ್ತಿದರೆ ಅವರ ವಿಳಾಸ ದೊರೆಯಬೇಕು. ಬಿಡಿಭಾಗದ ಕಂಪನಿಯ ಸ್ವಂತ ಜಾಲತಾಣದಲ್ಲಿ ಅಧಿಕೃತ ವ್ಯಾಪಾರಿಗಳ ಪಟ್ಟಿ ಇದ್ದರೆ ತಾಳೆ ನೋಡಿರಿ. ಸೀರೆ, ಆಟಿಕೆ, ಪಾತ್ರೆಗಳ ಜೊತೆಗೆ ಬ್ರೇಕ್ ಪ್ಯಾಡನ್ನೂ ಮಾರುವವನನ್ನು ನಂಬಬೇಡಿರಿ.

2. ಬೆಲೆಯನ್ನು ತೂಗಿ ನೋಡಿರಿ. ಅಧಿಕೃತ ವ್ಯಾಪಾರಿ ಗರಿಷ್ಠ ಮಾರಾಟ ಬೆಲೆಯಲ್ಲಿ ಸ್ವಲ್ಪ ಬಿಟ್ಟುಕೊಡಬಹುದು. ಅರ್ಧ ಬೆಲೆಗೆ ಕೊಡಲು ಅವನಿಗೆ ಕೈಲಾಗದು. ಅರ್ಧ ಬೆಲೆ ಕಂಡಲ್ಲಿ ಸಂತೋಷಪಡುವ ಬದಲು ಸಂಶಯಪಡಬೇಕು.

3. ಮಾತಿನ ಮೋಡಿಗೆ ಸಿಕ್ಕಬೇಡಿರಿ. ‘ಇಂಥ ಗಾಡಿಗೆ ಹೊಂದುತ್ತದೆ’ ಎಂಬುದು ಬೇರೆ, ‘ಇಂಥ ಕಂಪನಿಯದು’ ಎಂಬುದು ಬೇರೆ. ಕಂಪನಿಯ ಹೆಸರನ್ನು ಚಿತ್ರದಲ್ಲಿ ದೊಡ್ಡದಾಗಿ ತೋರಿಸಿ, ವಿವರಣೆಯಲ್ಲಿ ‘ಆ ಮಾದರಿಯದು’ ಎಂದು ಸಣ್ಣದಾಗಿ ಬರೆಯುವವರಿದ್ದಾರೆ. ಹೆಸರಿನ ಒಂದಕ್ಷರ ತಿದ್ದಿ ಅದೇ ಬಣ್ಣದಲ್ಲಿ ಅಚ್ಚು ಹಾಕುವವರೂ ಇದ್ದಾರೆ.

4. ಭಾಗದ ಸಂಖ್ಯೆಯನ್ನು ಮೊದಲು ತಿಳಿಯಿರಿ. ಪ್ರತಿಯೊಂದು ಬಿಡಿಭಾಗಕ್ಕೂ ಒಂದು ಸಂಖ್ಯೆ ಉಂಟು. ಹಳೆಯ ಭಾಗದ ಮೇಲೆ ಅದು ಕೆತ್ತಿರಬಹುದು. ಇಲ್ಲವಾದರೆ ಗಾಡಿಯ ನೋಂದಣಿ ಪತ್ರದಲ್ಲಿರುವ ಚಾಸಿ ಸಂಖ್ಯೆಯನ್ನು ಕಂಪನಿಯ ಬಿಡಿಭಾಗದ ಅಂಗಡಿಗೆ ತಿಳಿಸಿದರೆ ಅವರು ಹೇಳುತ್ತಾರೆ. ಈಗಿನ ಗಾಡಿಗಳಿಗೆ ಇದು 17 ಅಕ್ಷರ ಮತ್ತು ಅಂಕಿಗಳದು. ‘ಎಲ್ಲ ಮಾದರಿಗೂ ಆಗುತ್ತದೆ’ ಎಂಬ ಮಾಲು ಯಾವ ಮಾದರಿಗೂ ಸರಿಯಾಗಿ ಆಗದು.

5. ಬ್ರೇಕು, ಸ್ಟೀಯರಿಂಗು, ಗಾಲಿಯ ಬೇರಿಂಗು, ಟೈರು ಇವನ್ನು ಸಾಧ್ಯವಿದ್ದಷ್ಟೂ ಅಧಿಕೃತ ಅಂಗಡಿಯಲ್ಲಿ ಕಣ್ಣಾರೆ ನೋಡಿಯೇ ಕೊಳ್ಳಿರಿ. ಕನ್ನಡಿ, ಮ್ಯಾಟು, ಸೀಟಿನ ಹೊದಿಕೆ ಮೋಸವಾದರೆ ಹಣ ಹೋಗುತ್ತದೆ. ಇವು ಮೋಸವಾದರೆ ಪ್ರಾಣ ಹೋಗುತ್ತದೆ.

ಡಬ್ಬಿ ಬಂದ ಮೇಲೆ

ನಮ್ಮ ಖೋಟಾ ಪ್ಯಾಡಿನ ಖಾಲಿ ಡಬ್ಬಿಯಲ್ಲಿ ಮನೆಯವರು ಹುರುಳಿ ಬೀಜ ಕಟ್ಟಿಟ್ಟಿದ್ದುದರಿಂದ ಅದೊಂದು ಉಳಿದಿತ್ತು. ಆಮೇಲೆ ಅಧಿಕೃತ ಅಂಗಡಿಯಿಂದ ತಂದ ಸಾಚಾ ಡಬ್ಬಿಯೊಡನೆ ಅದನ್ನು ಶಾಲೆಗೆ ಒಯ್ದು, ಏಳನೆಯ ತರಗತಿಯ ಮಕ್ಕಳ ಮುಂದಿಟ್ಟೆವು. ಯಾವುದು ಯಾವುದೆಂದು ಹೇಳಲಿಲ್ಲ. ವ್ಯತ್ಯಾಸ ಬರೆಯಿರೆಂದಷ್ಟೇ ಹೇಳಿದೆವು.

ಇಪ್ಪತ್ತು ನಿಮಿಷದಲ್ಲಿ ಮಕ್ಕಳು ಐದು ವ್ಯತ್ಯಾಸ ಹಿಡಿದರು. ಒಂದರಲ್ಲಿ ತಯಾರಾದ ತಿಂಗಳು ವರ್ಷವಿತ್ತು, ಇನ್ನೊಂದರಲ್ಲಿ ಇರಲಿಲ್ಲ. ಒಂದರ ವಿಳಾಸದಲ್ಲಿ ಪಿನ್ ಕೋಡು ಇತ್ತು, ಇನ್ನೊಂದರಲ್ಲಿ ಊರಿನ ಹೆಸರು ಮಾತ್ರ. ಒಂದರ ಬೆಲೆ ಡಬ್ಬಿಯ ಮೇಲೆಯೇ ಅಚ್ಚಾಗಿತ್ತು, ಇನ್ನೊಂದರಲ್ಲಿ ಬೆಲೆಯ ಚೀಟಿಯ ಮೇಲೆ ಮತ್ತೊಂದು ಚೀಟಿ. ಸಾಚಾ ಡಬ್ಬಿಯ ಹೊಳೆಯುವ ಮುದ್ರೆಯನ್ನು ಓರೆ ಮಾಡಿದರೆ ಒಳಗಿನ ಚಿತ್ರ ಬದಲಾಗುತ್ತಿತ್ತು. ಇನ್ನೊಂದರದು ಬರಿಯ ಮಿಂಚು ಕಾಗದ. ಐದನೆಯದನ್ನು ಕಂಡುಹಿಡಿದದ್ದು ಹಿಂದಿನ ಬೆಂಚಿನ ಹುಡುಗಿ. ‘ಬ್ರೇಕ್’ ಎಂಬ ಇಂಗ್ಲಿಷ್ ಪದದ ಅಕ್ಷರಗಳು ಅದಲುಬದಲಾಗಿ, ‘ತಡೆ’ ಎಂಬ ಅರ್ಥ ಹೋಗಿ ‘ಮುರಿ’ ಎಂಬ ಅರ್ಥ ಬಂದಿತ್ತು! ಆ ಡಬ್ಬಿಯಲ್ಲಿದ್ದ ಒಂದೇ ಒಂದು ಸತ್ಯ ಅದು.

ಉಪಾಧ್ಯಾಯರಾದ ನಮಗೆ ನಾಚಿಕೆಯಾಯಿತು. ಪರೀಕ್ಷೆಯಲ್ಲಿ ನಕಲು ಮಾಡಿದ ಹುಡುಗನನ್ನು ನಾವು ಹಿಡಿಯುವುದು ಅವನ ತಪ್ಪುಗಳಿಂದಲೇ. ಪಕ್ಕದವನ ಉತ್ತರವನ್ನು ಅರ್ಥವಾಗದೆ ಎತ್ತಿಕೊಂಡವನು ಎಲ್ಲಿಯಾದರೂ ಒಂದು ಕಡೆ ಎಡವಿಯೇ ಎಡವುತ್ತಾನೆ. ಖೋಟಾ ಡಬ್ಬಿಯೂ ಅಂತಹ ಉತ್ತರಪತ್ರಿಕೆ. ಓದುವ ತಾಳ್ಮೆ ನಮಗಿರಬೇಕು, ಅಷ್ಟೆ.

ಪೊಟ್ಟಣದ ಮೇಲೆ ಏನೇನಿರಬೇಕೆಂದು 2011ರ ಕಾನೂನುಬದ್ಧ ಮಾಪನದ ನಿಯಮಗಳು ಹೇಳುತ್ತವೆ: ತಯಾರಕರ ಅಥವಾ ಪ್ಯಾಕು ಮಾಡಿದವರ ಹೆಸರು ಮತ್ತು ಪೂರ್ಣ ವಿಳಾಸ, ವಸ್ತುವಿನ ಹೆಸರು, ಎಷ್ಟು ಸಂಖ್ಯೆ, ತಿಂಗಳು ಮತ್ತು ವರ್ಷ, ಎಲ್ಲ ತೆರಿಗೆ ಸೇರಿ ಗರಿಷ್ಠ ಬೆಲೆ, ದೂರು ಹೇಳಲು ಫೋನು ಮತ್ತು ವಿಳಾಸ, ಹೊರದೇಶದ್ದಾದರೆ ಆಮದು ಮಾಡಿದವರ ಹೆಸರು ಮತ್ತು ದೇಶ. ಇವುಗಳಲ್ಲಿ ಒಂದು ಇಲ್ಲದಿದ್ದರೂ ಡಬ್ಬಿಯನ್ನು ಬದಿಗಿಡಿರಿ. ಟೈರು, ಹೆಲ್ಮೆಟ್ಟುಗಳಿಗೆ ಐ.ಎಸ್.ಐ. ಗುರುತು ಕಡ್ಡಾಯ. ಗುರುತಿನೊಡನೆ ಪರವಾನಗಿ ಸಂಖ್ಯೆಯೂ ಇರಬೇಕು, ‘ಬಿ.ಐ.ಎಸ್. ಕೇರ್’ ಎಂಬ ಸರಕಾರಿ ಆ್ಯಪಿನಲ್ಲಿ ಆ ಸಂಖ್ಯೆಯನ್ನು ಹಾಕಿದರೆ ಅದು ಯಾರಿಗೆ ಕೊಟ್ಟದ್ದೆಂದು ತಿಳಿಯುತ್ತದೆ.

ಹಲವು ಕಂಪನಿಗಳು ಕೆರೆದು ನೋಡುವ ಸಂಖ್ಯೆಯನ್ನೋ ಕ್ಯೂ.ಆರ್. ಚೌಕವನ್ನೋ ಹಾಕಿರುತ್ತವೆ. ಆದರೆ ಚೌಕವನ್ನೂ ನಕಲು ಮಾಡಬಹುದೆಂಬುದನ್ನು ಮರೆಯಬಾರದು. ಅದನ್ನು ಕಂಪನಿಯ ಸ್ವಂತ ಆ್ಯಪಿನಲ್ಲಿಯೇ ನೋಡಬೇಕು. ಅದು ಕಂಪನಿಯ ಜಾಲತಾಣಕ್ಕೆ ಹೋಗದೆ ಬೇರೆಲ್ಲಿಗೋ ಹೋದರೆ, ಅಥವಾ ಈ ಸಂಖ್ಯೆಯನ್ನು ಮೊದಲೇ ಯಾರೋ ನೋಡಿದ್ದಾರೆಂದು ಬಂದರೆ, ವಸ್ತುವನ್ನು ಗಾಡಿಗೆ ಹಾಕಬೇಡಿರಿ.

ಬಿಲ್ಲನ್ನೂ ಓದಿರಿ. ಅದರಲ್ಲಿರುವ ಜಿ.ಎಸ್.ಟಿ. ಸಂಖ್ಯೆ 15 ಅಕ್ಷರ ಮತ್ತು ಅಂಕಿಗಳದು. ಮೊದಲ ಎರಡು ಅಂಕಿ ರಾಜ್ಯದ ಗುರುತು. ತಮಿಳುನಾಡಿಗೆ 33, ಕರ್ನಾಟಕಕ್ಕೆ 29, ದೆಹಲಿಗೆ 07. ಸೇಲಮಿನ ವಿಳಾಸ ಬರೆದು 07ರ ಸಂಖ್ಯೆ ಹಾಕಿದ್ದರೆ ಕಾರಣ ಕೇಳಬೇಕಾಗುತ್ತದೆ. ಜಿ.ಎಸ್.ಟಿ.ಯ ಸರಕಾರಿ ಜಾಲತಾಣದಲ್ಲಿ ಆ ಸಂಖ್ಯೆಯನ್ನು ಹಾಕಿ, ವ್ಯಾಪಾರಿಯ ಹೆಸರನ್ನು ಯಾರು ಬೇಕಾದರೂ ನೋಡಬಹುದು.

ಡಬ್ಬಿಯೊಳಗಿನ ವಸ್ತು

ಅಚ್ಚು ಚೆನ್ನಾಗಿದ್ದ ಮಾತ್ರಕ್ಕೆ ನಂಬಲಾಗದು. ಇತ್ತೀಚೆಗೆ ಕಾಗುಣಿತವೂ ತಪ್ಪದ ಖೋಟಾ ಡಬ್ಬಿಗಳು ಬರುತ್ತಿವೆ. ಆದುದರಿಂದ ಹಳೆಯ ಭಾಗವನ್ನು ಎಸೆಯದೆ ಪಕ್ಕದಲ್ಲಿಟ್ಟುಕೊಂಡು ಹೋಲಿಸಬೇಕು. ಮನೆಯ ಸಣ್ಣ ತಕ್ಕಡಿಯಲ್ಲಿ ಎರಡನ್ನೂ ತೂಗಿರಿ. ಖೋಟಾದವನು ಉಳಿಸುವುದು ಲೋಹದಲ್ಲಿಯೇ. ಹೊಸದು ಸವೆದ ಹಳೆಯದಕ್ಕಿಂತ ಹಗುರವಾಗಿದ್ದರೆ ಅದರಲ್ಲಿ ಮೋಸವಿದೆ.

ಬ್ರೇಕ್ ಪ್ಯಾಡು ಮತ್ತು ಶೂ: ಸಾಚಾ ಪ್ಯಾಡಿನಲ್ಲಿ ಕಬ್ಬಿಣದ ತಟ್ಟೆಯನ್ನು ಶುಚಿಮಾಡಿ, ಅಂಟು ಹಚ್ಚಿ, ಉಜ್ಜುವ ಪದರವನ್ನು ಬಿಸಿಯಲ್ಲಿ ಭಾರಿ ಒತ್ತಡದಿಂದ ಕೂಡಿಸಿರುತ್ತಾರೆ. ಪದರಕ್ಕೂ ತಟ್ಟೆಗೂ ನಡುವೆ ಉಗುರು ತೂರಬಾರದು. ಅಂಚು ನೇರವಾಗಿ, ಮೈ ಒಂದೇ ಸಮನಾಗಿರಬೇಕು. ತಟ್ಟೆಯ ಹಿಂಬದಿಯಲ್ಲಿ ಕಂಪನಿಯ ಗುರುತು, ಭಾಗದ ಸಂಖ್ಯೆ, ತಯಾರಿಕೆಯ ತಂಡದ ಸಂಖ್ಯೆ ಸ್ಪಷ್ಟವಾಗಿರಬೇಕು. ಬಿರುಕು, ಗುಳ್ಳೆ, ಉದುರುವ ಪುಡಿ, ತುಕ್ಕಿನ ಮೇಲೆ ಬಳಿದ ಬಣ್ಣ ಇವು ಕೆಟ್ಟ ಲಕ್ಷಣ. ಖೋಟಾ ಪ್ಯಾಡು ಊರೊಳಗೆ ಹಿಡಿಯುತ್ತದೆ. ಇಳಿಜಾರಿನಲ್ಲಿ ಕಾದಾಗ ಕೈಕೊಡುತ್ತದೆ. ಆದುದರಿಂದಲೇ ಆರು ವಾರ ನಮಗೆ ಅದರ ಗುಣ ತಿಳಿಯಲಿಲ್ಲ.

ಆಯಿಲ್ ಫಿಲ್ಟರು, ಡೀಸೆಲ್ ಫಿಲ್ಟರು: ಹೊರಗಿನ ತಗಡು ಎಲ್ಲದಕ್ಕೂ ಒಂದೇ. ಬೆಲೆ ಇರುವುದು ಒಳಗಿನ ಮಡಿಕೆ ಕಾಗದಕ್ಕೆ. ನಡುವಿನ ತೂತಿನೊಳಗೆ ಟಾರ್ಚು ಬಿಟ್ಟು ನೋಡಿರಿ. ಮರೆಗಳು ಸಮವಾಗಿರಬೇಕು, ತಿರುಪಿನ ಎಳೆ ನುಣುಪಾಗಿರಬೇಕು, ರಬ್ಬರಿನ ಬಳೆ ಮೆತ್ತಗಿದ್ದು ಗಾಡಿಯಲ್ಲಿ ಸರಿಯಾಗಿ ಕೂರಬೇಕು. ಖೋಟಾ ಡೀಸೆಲ್ ಫಿಲ್ಟರು ಧೂಳನ್ನೂ ನೀರನ್ನೂ ಬಿಟ್ಟುಕೊಟ್ಟು ಪಂಪು, ಇಂಜೆಕ್ಟರುಗಳನ್ನು ತಿನ್ನುತ್ತದೆ. ಫಿಲ್ಟರಿನಲ್ಲಿ ನೂರಿನ ಲೆಕ್ಕದಲ್ಲಿ ಉಳಿಸಿ, ಇಂಜೆಕ್ಟರಿಗೆ ಸಾವಿರಗಳ ಲೆಕ್ಕದಲ್ಲಿ ಕೊಡಬೇಕಾಗುವುದು.

ಗಾಳಿಯ ಫಿಲ್ಟರು: ನಮ್ಮ ಕೆಂಪು ಮಣ್ಣಿನಲ್ಲಿ ಉಳುವ ಟ್ರ್ಯಾಕ್ಟರಿಗೆ ಇದೇ ಮೂಗು. ಕಾಗದವನ್ನು ಬಿಸಿಲಿಗೆ ಹಿಡಿದು ನೋಡಿರಿ. ಸಣ್ಣ ತೂತುಗಳ ಮೂಲಕ ಬೆಳಕು ಚುಚ್ಚಿಕೊಂಡು ಬಂದರೆ ಧೂಳೂ ಬರುತ್ತದೆ. ಅಂಚಿನ ಅಂಟು ಬಿಟ್ಟಿದ್ದರೆ ಅದು ಇದ್ದೂ ಇಲ್ಲದ ಹಾಗೆ.

ಬೇರಿಂಗು: ಸಾಚಾ ಬೇರಿಂಗಿನ ಮುಖದ ಮೇಲೆ ಹೆಸರು, ಸಂಖ್ಯೆಗಳು ಸಣ್ಣದಾಗಿ, ಒಂದೇ ಆಳದಲ್ಲಿ ಮೂಡಿರುತ್ತವೆ. ಖೋಟಾದಲ್ಲಿ ಅಕ್ಷರ ಓರೆಕೋರೆ, ಇಲ್ಲವೆ ಬಟ್ಟೆಯಿಂದ ಉಜ್ಜಿದರೆ ಮಾಸುವುದು. ಹಳೆಯ ಬೇರಿಂಗನ್ನು ತೊಳೆದು ಹೊಳಪು ಕೊಟ್ಟು ಹೊಸ ಡಬ್ಬಿಗೆ ಹಾಕುವುದೂ ಉಂಟು; ಅದರ ಮೈಯಲ್ಲಿ ಗೀರುಗಳು ಕಾಣುತ್ತವೆ. ಆದರೆ ಬೇರಿಂಗಿನ ವಿಷಯದಲ್ಲಿ ಬರಿಗಣ್ಣನ್ನೇ ನೆಚ್ಚಬಾರದು. ಎಸ್.ಕೆ.ಎಫ್. ಕಂಪನಿಯು ಇದಕ್ಕಾಗಿಯೇ ಒಂದು ಆ್ಯಪು ಇಟ್ಟಿದೆ. ಬೇರಿಂಗಿನ ಮತ್ತು ಡಬ್ಬಿಯ ಚಿತ್ರ ತೆಗೆದು ಕಳುಹಿಸಿದರೆ ಅವರ ತಜ್ಞರು ನೋಡಿ ಉತ್ತರಿಸುತ್ತಾರೆ.

ಸ್ಪಾರ್ಕ್ ಪ್ಲಗ್ಗು: ಬಿಳಿಯ ಪಿಂಗಾಣಿಯ ಮೇಲಿನ ಅಕ್ಷರ ಉಗುರಿಗೆ ಬರಬಾರದು. ನಡುವಿನ ಕಡ್ಡಿ ಸರಿಯಾಗಿ ನಟ್ಟನಡುವೆ ಇರಬೇಕು. ತಿರುಪಿನ ಎಳೆಗಳಲ್ಲಿ ಮುಳ್ಳು ಇರಬಾರದು. ಒರಟು ಎಳೆಯು ಇಂಜಿನ್ನಿನ ತಲೆಯ ಎಳೆಯನ್ನೇ ಕೆಡಿಸುತ್ತದೆ.

ಇಂಜಿನ್ ಆಯಿಲು: ಹಳೆಯ ಕ್ಯಾನಿಗೆ ಹೊಸ ಮುಚ್ಚಳ ಹಾಕಿ ಮಾರುವುದೇ ಇದರಲ್ಲಿ ದೊಡ್ಡ ಮೋಸ. ಮುಚ್ಚಳದ ಬಳೆ ಮುರಿಯದೆ ಇರಬೇಕು. ಒಳಗಿನ ತೆಳು ಹಾಳೆ ಬಿಗಿಯಾಗಿರಬೇಕು. ಕ್ಯಾನಿನ ಮೇಲಿನ ತಂಡದ ಸಂಖ್ಯೆ ಅಳಿಸಿರಬಾರದು.

ಇಷ್ಟು ಸಣ್ಣ ವಸ್ತುವಿನಿಂದ ಏನಾದೀತೆಂದು ಕೇಳುವವರಿಗೆ ಹೊರದೇಶದ ಒಂದು ಸಂಗತಿಯನ್ನು ಹೇಳಬೇಕು. 1989ರ ಸೆಪ್ಟೆಂಬರ್ 8ರಂದು ನಾರ್ವೆ ದೇಶದ ಪಾರ್ಟ್‌ನೇರ್ ಕಂಪನಿಯ ವಿಮಾನವೊಂದು ಓಸ್ಲೋ ನಗರದಿಂದ ಜರ್ಮನಿಯ ಹ್ಯಾಂಬರ್ಗಿಗೆ ಹೋಗುತ್ತಿರುವಾಗ ಡೆನ್ಮಾರ್ಕಿನ ಬಳಿ ಸಮುದ್ರಕ್ಕೆ ಬಿತ್ತು. ಅದರಲ್ಲಿದ್ದ 55 ಜನರೂ ಮಡಿದರು. ವಿಚಾರಣೆಯಲ್ಲಿ, ಬಾಲದ ರೆಕ್ಕೆಯನ್ನು ಹಿಡಿದಿದ್ದ ಬೋಲ್ಟುಗಳಲ್ಲಿ ಖೋಟಾದವು ಇದ್ದುದು ಹೊರಬಿತ್ತು. ಇಡೀ ವಿಮಾನದ ಭಾರದೊಡನೆ ಹೋಲಿಸಿದರೆ ಬೋಲ್ಟು ಎಷ್ಟರದು? ವಿಮಾನವನ್ನು ಹಾರಿಸುವವರೇ ಮೋಸಹೋದ ಮೇಲೆ ಟೊಮೇಟೊ ಗಾಡಿಯವರು ಇನ್ನಷ್ಟು ಎಚ್ಚರವಾಗಿರಬೇಕಲ್ಲವೆ?

ಮೋಸವಾದರೆ ಏನು ಮಾಡಬೇಕು?

ನಾವು ಮಾಡದೆ ಕೆಟ್ಟದ್ದನ್ನು ನೀವು ಮಾಡಿರಿ. ಡಬ್ಬಿ ಒಡೆಯುವಾಗಲೇ ಫೋನಿನಲ್ಲಿ ಚಿತ್ರೀಕರಿಸಿರಿ. ವಿಳಾಸದ ಚೀಟಿಯಿಂದ ಹಿಡಿದು ವಸ್ತುವಿನ ತನಕ ನಡುವೆ ನಿಲ್ಲಿಸದೆ ತೆಗೆಯಿರಿ. ಸಂಶಯ ಬಂದರೆ ಗಾಡಿಗೆ ಹಾಕಬೇಡಿರಿ. ಆನ್‌ಲೈನ್ ಅಂಗಡಿಯ ಪುಟದಲ್ಲಿದ್ದ ಬೆಲೆ, ಮಾರಾಟಗಾರನ ಹೆಸರು, ವಿವರಣೆ ಇವುಗಳ ಚಿತ್ರವನ್ನು ಕೂಡಲೆ ಉಳಿಸಿಕೊಳ್ಳಿರಿ. ನಾಳೆ ಅವು ಅಲ್ಲಿ ಇರಲಾರವು. ವಸ್ತು, ಡಬ್ಬಿ, ಬಿಲ್ಲು ಮೂರನ್ನೂ ಕಟ್ಟಿಡಿರಿ. ಗಾಡಿಗೆ ಹಾಕಿದ ಮೇಲೆ ಕೆಟ್ಟರೆ ಮೆಕ್ಯಾನಿಕ್ಕಿನಿಂದ ಒಂದು ಚೀಟಿ ಬರೆಸಿ ಸಹಿ ಹಾಕಿಸಿಕೊಳ್ಳಿರಿ.

ಬಳಿಕ ಆ ಆನ್‌ಲೈನ್ ಅಂಗಡಿಯ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ದೂರು ಬಂದಿದೆಯೆಂದು ಅವರು 48 ಗಂಟೆಯೊಳಗೆ ತಿಳಿಸತಕ್ಕದ್ದು. ಒಂದು ತಿಂಗಳೊಳಗೆ ಪರಿಹರಿಸತಕ್ಕದ್ದು. ಮಾಲು ಖೋಟಾ ಆಗಿದ್ದರೆ ಅದನ್ನು ಹಿಂದಕ್ಕೆ ತೆಗೆದುಕೊಳ್ಳಲು ಮಾರಾಟಗಾರನು ನಿರಾಕರಿಸುವಂತಿಲ್ಲವೆಂದು ಅದೇ ನಿಯಮಗಳಲ್ಲಿದೆ.

ಅಲ್ಲಿಯೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನು ಮಾಡಿರಿ. ಗಡಿಯ ಕನ್ನಡಿಗರಿಗೆ ಇಲ್ಲೊಂದು ಅನುಕೂಲವಿದೆ. ಅಲ್ಲಿ 17 ಭಾಷೆಗಳಲ್ಲಿ ಮಾತಾಡಬಹುದು. ತಮಿಳಿನಂತೆ ಕನ್ನಡವೂ ಅವುಗಳಲ್ಲೊಂದು. ಇಂಗ್ಲಿಷ್ ಬಾರದೆಂದು, ತಮಿಳಿನಲ್ಲಿ ಬರೆಯಲು ಬಾರದೆಂದು ನಮ್ಮ ಹಿರಿಯರು ಸುಮ್ಮನಾಗಬೇಕಿಲ್ಲ.

ಇದಕ್ಕೂ ಮೇಲೆ ಜಿಲ್ಲಾ ಗ್ರಾಹಕ ಆಯೋಗವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ, ಮಾರಿದವನು ಎಲ್ಲಿಯೇ ಇರಲಿ, ಕೊಂಡವನು ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ದೆಹಲಿಯವನು ಮೋಸ ಮಾಡಿದರೆ ದೆಹಲಿಗೆ ಹೋಗಬೇಕಿಲ್ಲ. 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ಎರಡು ವರ್ಷದೊಳಗೆ ಕೊಡಬೇಕು, ಅಷ್ಟೆ. ಖೋಟಾ ಮಾಲಿನಿಂದ ಸಾವು ಸಂಭವಿಸಿದರೆ ಅದನ್ನು ಮಾರಿದವನಿಗೆ 7 ವರ್ಷಕ್ಕೆ ಕಡಿಮೆಯಿಲ್ಲದೆ ಜೀವಾವಧಿಯವರೆಗೆ ಸೆರೆವಾಸವನ್ನು ಆ ಕಾಯಿದೆ ವಿಧಿಸುತ್ತದೆ. ಇನ್ನೊಬ್ಬರ ಗುರುತನ್ನು ಕದ್ದು ಮಾರುವುದಕ್ಕೆ 1999ರ ವ್ಯಾಪಾರ ಚಿಹ್ನೆಗಳ ಕಾಯಿದೆಯಲ್ಲಿ 6 ತಿಂಗಳಿಂದ 3 ವರ್ಷದ ಸೆರೆವಾಸವೂ 50,000ದಿಂದ 2 ಲಕ್ಷ ರೂಪಾಯಿ ದಂಡವೂ ಇದೆ. ಆನ್‌ಲೈನ್ ಸಂತೆಯವರೂ ಹೊಣೆಯಿಂದ ನುಣುಚಿಕೊಳ್ಳುವಂತಿಲ್ಲ. 2022ರಲ್ಲಿ ಐ.ಎಸ್.ಐ. ಗುರುತಿಲ್ಲದ ಪ್ರೆಷರ್ ಕುಕ್ಕರುಗಳ ಮಾರಾಟಕ್ಕೆ ಎಡೆಕೊಟ್ಟ ಅಂತಹ ಸಂಸ್ಥೆಗಳಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ದಂಡ ಹಾಕಿತು.

ನಮ್ಮ ಕೊಟ್ಟಿಗೆಯಿಂದಲೇ ಹೋಗುವ ಡಬ್ಬಿ

ಕೊನೆಯದಾಗಿ, ನಾವೇ ತಿದ್ದಿಕೊಳ್ಳಬೇಕಾದ ಒಂದು ಮಾತು. ಖೋಟಾ ಮಾಡುವವನಿಗೆ ಎಲ್ಲಕ್ಕಿಂತ ಬೆಲೆಯುಳ್ಳ ವಸ್ತು ಸಾಚಾ ಡಬ್ಬಿ. ಅದು ಅವನಿಗೆ ಎಲ್ಲಿ ಸಿಗುತ್ತದೆ? ಗ್ಯಾರೇಜಿನ ಮೂಲೆಯಲ್ಲಿ, ನಮ್ಮ ಕೊಟ್ಟಿಗೆಯ ಅಟ್ಟದಲ್ಲಿ. ಗುಜರಿಯವನು ಬಂದಾಗ ಆಯಿಲ್ ಕ್ಯಾನು, ಫಿಲ್ಟರಿನ ಡಬ್ಬಿ, ಮುದ್ರೆ ಕೀಳದ ರಟ್ಟು ಎಲ್ಲವನ್ನೂ ಹಾಗೆಯೇ ಒಪ್ಪಿಸಿ ಹತ್ತೋ ಇಪ್ಪತ್ತೋ ಎಣಿಸಿಕೊಳ್ಳುತ್ತೇವೆ. ಹಾಗೆ ಹೋದ ಕ್ಯಾನು ಯಾವ ಎಣ್ಣೆ ತುಂಬಿಕೊಂಡು ಯಾರ ಮನೆಗೆ ತಿರುಗಿ ಬರುವುದೋ ಬಲ್ಲವರಾರು?

ಆದುದರಿಂದ ಖಾಲಿ ಕ್ಯಾನಿಗೆ ಮಚ್ಚಿನಿಂದ ಒಂದು ಏಟು ಹಾಕಿ ತೂತು ಮಾಡಿರಿ. ಡಬ್ಬಿಯನ್ನು ಹರಿಯಿರಿ. ಮುದ್ರೆಯನ್ನೂ ಕ್ಯೂ.ಆರ್. ಚೌಕವನ್ನೂ ಕೆರೆದು ಹಾಕಿರಿ. ಸವೆದ ಪ್ಯಾಡನ್ನು, ಹಳೆಯ ಬೇರಿಂಗನ್ನು ಸುತ್ತಿಗೆಯಿಂದ ಒಡೆದು ಕೊಡಿರಿ. ಒಡೆಯುವ ಮುನ್ನ ಬೇರಿಂಗಿನ ಮೇಲೆ ದಪ್ಪ ಗೋಣಿ ಮುಚ್ಚಿರಿ; ಗಟ್ಟಿ ಉಕ್ಕು ಚೂರಾಗಿ ಕಣ್ಣಿಗೆ ಹಾರೀತು. ಗ್ಯಾರೇಜಿನಲ್ಲಿ ಕೆಲಸ ಮಾಡಿಸಿದಾಗಲೂ ಹಳೆಯ ಭಾಗವನ್ನೂ ಹೊಸದರ ಡಬ್ಬಿಯನ್ನೂ ಕೇಳಿ ಪಡೆಯಿರಿ. ಮೆಕ್ಯಾನಿಕ್ಕಿಗೆ ಅವಿಶ್ವಾಸ ತೋರಿಸಿದ ಹಾಗೆ ಆಗುವುದೆಂದು ಸಂಕೋಚ ಬೇಡ. ಒಳ್ಳೆಯ ಮೆಕ್ಯಾನಿಕ್ಕು ಕೇಳುವ ಮೊದಲೇ ಕೊಡುತ್ತಾನೆ.

ನಮ್ಮ ಮನೆಯ ಹುರುಳಿ ಬೀಜವನ್ನು ಈಗ ಮಡಕೆಗೆ ಹಾಕಿದ್ದೇವೆ. ಆ ಖೋಟಾ ಡಬ್ಬಿ ಶಾಲೆಯ ಬೀರುವಿನಲ್ಲಿ ಭೂಗೋಳದ ಪಕ್ಕದಲ್ಲಿದೆ. ಪ್ರತಿ ವರ್ಷ ಏಳನೆಯ ತರಗತಿಯವರು ಅದನ್ನು ಓದಬೇಕೆಂದು ಗೊತ್ತುಮಾಡಿದ್ದೇವೆ. ನಾಳೆ ಗಾಡಿಯ ಚಕ್ರ ಹಿಡಿದು ತೊಪ್ಪೂರು ಇಳಿಯುವವರು ಅವರೇ ತಾನೆ? 750 ರೂಪಾಯಿ ಉಳಿಸಿದ ಲೆಕ್ಕವನ್ನು ನಾವು ಅವರಿಗೆ ಹೇಳಿಕೊಡುವುದಿಲ್ಲ. ಹುಡುಗ ಮನೆಗೆ ಮರಳಿ ಬಂದ ಲೆಕ್ಕವನ್ನು ಹೇಳಿಕೊಡುತ್ತೇವೆ.